ಉದ್ದ ಹೆಸರಿಗೆ ಹೆದರಬೇಕೆ, ಮೊದಲ ಹೆಸರಿಗೆ ಹೆದರಬೇಕೆ? ಪೊಟ್ಟಣದ ಆಹಾರ ಆರಿಸುವವರಿಗೊಂದು ಹೋಲಿಕೆ

ಕಳೆದ ತಿಂಗಳು ದಿನಸಿ ಅಂಗಡಿಯಲ್ಲಿ ನಮ್ಮ ಅತ್ತೆಯವರು ಮಾವಿನಕಾಯಿ ಉಪ್ಪಿನಕಾಯಿಯ ಎರಡು ಬಾಟಲಿಗಳನ್ನು ಎರಡು ಕೈಯಲ್ಲಿ ಹಿಡಿದು, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುತ್ತ ನಿಂತಿದ್ದರು. ಒಂದರ ಮೇಲೆ ಮಾವಿನಕಾಯಿ, ಉಪ್ಪು, ಎಣ್ಣೆ, ಮೆಣಸಿನ ಪುಡಿ, ಸಾಸಿವೆ, ಮೆಂತ್ಯ, ಇಂಗು, ಅರಿಸಿನಗಳಾದ ಮೇಲೆ ಅಸಿಟಿಕ್ ಆಮ್ಲ ಮತ್ತು ಸೋಡಿಯಂ ಬೆಂಜೊಯೇಟ್ ಎಂದಿತ್ತು. ಇನ್ನೊಂದರ ಮುಂಬದಿಯಲ್ಲಿ ಹಸಿರು ಎಲೆಯ ಚಿತ್ರ, ಅದರ ಕೆಳಗೆ ‘ಯಾವುದೇ ಕೆಮಿಕಲ್ ಸೇರಿಸಿಲ್ಲ’ ಎಂಬ ಸಾಲು. “ಇದರಲ್ಲಿ ಬೆಂಜೊಯೇಟ್ ಅಂತ ಏನೋ ಹಾಕಿದ್ದಾರೆ ಕಣಮ್ಮ, ಬೇಡ” ಎಂದು ಅವರು ಮೊದಲನೆಯದನ್ನು ಕಪಾಟಿಗೆ ವಾಪಸಿಟ್ಟರು. ನಾನು ಎರಡನ್ನೂ ತಿರುಗಿಸಿ ಪೋಷಕಾಂಶದ ಪಟ್ಟಿಯನ್ನು ನೋಡಿದೆ. ಕೆಮಿಕಲ್ ಇರುವ ಬಾಟಲಿಯಲ್ಲಿ 100 ಗ್ರಾಂಗೆ 4,400 ಮಿಲಿಗ್ರಾಂ ಸೋಡಿಯಂ ಇತ್ತು; ಎಲೆಯ ಚಿತ್ರದ ಬಾಟಲಿಯಲ್ಲಿ 6,200. ಅತ್ತೆಯವರಿಗೆ ಹನ್ನೆರಡು ವರ್ಷದಿಂದ ರಕ್ತದೊತ್ತಡವಿದೆ.

ಈ ಬರಹ ಅಂಥ ಜೋಡಿಗಳನ್ನು ಕುರಿತದ್ದು. ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕುಳಿತಿರುವ, ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ ಎರಡು ಪದಾರ್ಥಗಳಲ್ಲಿ ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆಗೆ, ಬಾಯಿಗೆ ಬಾರದ ಹೆಸರು ಇದೆಯೋ ಇಲ್ಲವೋ ಎಂಬುದನ್ನೇ ಉತ್ತರವಾಗಿ ಇಟ್ಟುಕೊಂಡರೆ ಎಷ್ಟು ಸಲ ತಪ್ಪುತ್ತೇವೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ನನ್ನ ಉದ್ದೇಶ.

ಉಪ್ಪಿನಕಾಯಿಯ ಲೆಕ್ಕ

ಸೋಡಿಯಂ ಬೆಂಜೊಯೇಟ್ ಬೂಸ್ಟು ಮತ್ತು ಯೀಸ್ಟುಗಳನ್ನು ತಡೆಯುವ ಸಂರಕ್ಷಕ. ಪಟ್ಟಿಯಲ್ಲಿ ಐಎನ್‌ಎಸ್ 211 ಎಂದೂ ಬರೆದಿರುತ್ತಾರೆ. ಉಪ್ಪಿನಕಾಯಿಯ ಒಂದು ಕೆಜಿಯಲ್ಲಿ ಅದು 250 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳೋಣ. ಊಟಕ್ಕೆ ಬಡಿಸಿಕೊಳ್ಳುವ ಒಂದು ಚಮಚ ಸುಮಾರು 15 ಗ್ರಾಂ ತೂಗಿದರೆ ಅದರಲ್ಲಿ ನಾಲ್ಕು ಮಿಲಿಗ್ರಾಂಗಿಂತ ತುಸು ಕಡಿಮೆ ಬೆಂಜೊಯೇಟ್ ಇರುತ್ತದೆ. ಆಹಾರಕ್ಕೆ ಸೇರಿಸುವ ಪದಾರ್ಥಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ತಜ್ಞರ ಸಮಿತಿಯು, ಒಬ್ಬ ವ್ಯಕ್ತಿ ಜೀವನಪರ್ಯಂತ ಪ್ರತಿದಿನ ತಿಂದರೂ ತೊಂದರೆಯಿಲ್ಲ ಎಂದು ಬಹುಕಾಲ ಇಟ್ಟುಕೊಂಡಿದ್ದ ಮಿತಿ ದೇಹತೂಕದ ಪ್ರತಿ ಕೆಜಿಗೆ 5 ಮಿಲಿಗ್ರಾಂ. 2021ರಲ್ಲಿ ಅದನ್ನು 20ಕ್ಕೆ ಏರಿಸಿತು. ಹಳೆಯ ಕಟ್ಟುನಿಟ್ಟಿನ ಮಿತಿಯನ್ನೇ ಹಿಡಿದರೂ 60 ಕೆಜಿ ತೂಕದವರಿಗೆ ದಿನಕ್ಕೆ 300 ಮಿಲಿಗ್ರಾಂ ಆಯಿತು. ಆ ಮಿತಿ ಮುಟ್ಟಬೇಕಾದರೆ ದಿನವೂ ಎಂಬತ್ತು ಚಮಚ, ಅಂದರೆ ಒಂದು ಕೆಜಿಯ ಮೇಲೆ ಉಪ್ಪಿನಕಾಯಿ ತಿನ್ನಬೇಕು.

ಈಗ ಅದೇ ಚಮಚದ ಉಪ್ಪನ್ನು ಅಳೆಯೋಣ. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ಎಲೆಯ ಚಿತ್ರದ ಬಾಟಲಿಯಲ್ಲಿ 100 ಗ್ರಾಂಗೆ ಹದಿನೈದೂವರೆ ಗ್ರಾಂ ಉಪ್ಪು. ಒಂದು ಚಮಚದಲ್ಲಿ ಸುಮಾರು 2.3 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ 5 ಗ್ರಾಂ. ಎಂಬತ್ತು ಚಮಚ ತಿಂದರೆ ಮುಟ್ಟುವ ಮಿತಿಗೆ ಹೆದರಿದವರು, ಎರಡೇ ಚಮಚಕ್ಕೆ ಹೆಚ್ಚುಕಡಿಮೆ ಮುಗಿದುಹೋಗುವ ಮಿತಿಯನ್ನು ಗಮನಿಸಲೇ ಇಲ್ಲ, ಏಕೆಂದರೆ ಉಪ್ಪು ಎಂಬ ಶಬ್ದ ನಮಗೆ ಹುಟ್ಟಿದಾಗಿನಿಂದ ಪರಿಚಿತ.

ಹಾಗೆಂದು ಎಲೆಯ ಬಾಟಲಿಯವರು ಮೋಸ ಮಾಡಿದ್ದಾರೆಂದು ನಾನು ಹೇಳುತ್ತಿಲ್ಲ. ಉಪ್ಪಿನಕಾಯಿ ಕೆಡದಂತೆ ಕಾಯುವ ಕಾವಲುಗಾರರು ಉಪ್ಪು, ಹುಳಿ, ಮೇಲೆ ನಿಲ್ಲುವ ಎಣ್ಣೆ ಮತ್ತು ಸಂರಕ್ಷಕ. ಒಬ್ಬನನ್ನು ಕೆಲಸದಿಂದ ಬಿಡಿಸಿದರೆ ಉಳಿದವರ ಪಾಲಿನ ಕೆಲಸ ಹೆಚ್ಚುತ್ತದೆ. ನಮ್ಮ ಅಜ್ಜಿಯರು ಭರಣಿಯಲ್ಲಿ ಹಾಕುತ್ತಿದ್ದ ಮಿಡಿ ಉಪ್ಪಿನಕಾಯಿ ವರ್ಷಗಟ್ಟಲೆ ಬಾಳುತ್ತಿದ್ದುದೂ ಅದರಲ್ಲಿ ಸುರಿದ ಉಪ್ಪಿನಿಂದಲೇ. ಆದ್ದರಿಂದ ಉಪ್ಪಿನಕಾಯಿಯ ಜೋಡಿಯಲ್ಲಿ ನನ್ನ ಆಯ್ಕೆ ಸ್ಪಷ್ಟ: ಸೋಡಿಯಂ ಕಡಿಮೆ ಇರುವ ಬಾಟಲಿ, ಅದರಲ್ಲಿ 211 ಇರಲಿ ಬಿಡಲಿ. ಎರಡರಲ್ಲೂ ಸೋಡಿಯಂ ಸಮನಾಗಿದ್ದರೆ ರುಚಿ ನೋಡಿ ಕೊಳ್ಳಬಹುದು.

ಬೆಂಜೊಯೇಟಿನ ಬಗ್ಗೆ ಒಂದು ಮಾತನ್ನು ಮುಚ್ಚಿಡಬಾರದು. ತಂಪು ಪಾನೀಯಗಳಲ್ಲಿ ಅದು ವಿಟಮಿನ್ ಸಿ ಜೊತೆ ಸೇರಿ, ಬಿಸಿಲು ಮತ್ತು ಶಾಖ ತಗುಲಿದಾಗ ಅತ್ಯಲ್ಪ ಪ್ರಮಾಣದಲ್ಲಿ ಬೆಂಜೀನ್ ಉಂಟಾಗಬಲ್ಲದು. ಇದು 1990ರ ದಶಕದ ಆರಂಭದಲ್ಲೇ ಗೊತ್ತಾಗಿ, 2005–06ರಲ್ಲಿ ಅಮೆರಿಕದಲ್ಲಿ ಮತ್ತೆ ಪರೀಕ್ಷೆಗೊಳಗಾಗಿ, ಹಲವು ತಯಾರಕರು ತಮ್ಮ ಸೂತ್ರವನ್ನೇ ಬದಲಿಸಿದರು. ಬಿಸಿಲಿಗೆ ಒಡ್ಡಿ ಇಟ್ಟ ಬಾಟಲಿಯನ್ನು ಕೊಳ್ಳದಿರುವುದಕ್ಕೆ ಇದು ಸಾಕಷ್ಟು ಕಾರಣ. ಉಪ್ಪಿನಕಾಯಿಗೆ ಹೆದರುವುದಕ್ಕೆ ಅಲ್ಲ.

ಅಂಕಿಗಳ ಹಿಂದಿರುವ ಪರಿಚಿತರು

ಐಎನ್‌ಎಸ್ ಎಂಬುದು ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ ಕೊಟ್ಟಿರುವ ಕ್ರಮಸಂಖ್ಯೆ. ಅದು ವಿಷದ ಗುರುತೂ ಅಲ್ಲ, ನಿರಪಾಯದ ಪ್ರಮಾಣಪತ್ರವೂ ಅಲ್ಲ. ವಾಹನದ ನೋಂದಣಿ ಸಂಖ್ಯೆಯಂತೆ, ಒಳಗೆ ಕೂತವರು ಯಾರೆಂದು ಪತ್ತೆ ಹಚ್ಚಲು ನೆರವಾಗುತ್ತದೆ, ಅಷ್ಟೆ. ಮೊಸರಿನ ಹುಳಿ 270, ನಿಂಬೆಯ ಹುಳಿ 330, ಹುಣಸೆಯ ಹುಳಿ 334, ನೆಲ್ಲಿಕಾಯಿಯ ವಿಟಮಿನ್ ಸಿ 300, ಅರಿಸಿನದ ಹಳದಿ 100, ಹಣ್ಣಿನ ಜಾಮನ್ನು ಗಟ್ಟಿಯಾಗಿಸುವ ಪೆಕ್ಟಿನ್ 440. ಚಿಪ್ಸ್ ಪೊಟ್ಟಣದಲ್ಲಿ ತುಂಬಿರುವ ಗಾಳಿಗೂ, ಅಂದರೆ ನೈಟ್ರೊಜನ್‌ಗೂ, 941 ಎಂಬ ಸಂಖ್ಯೆಯಿದೆ.

ರಾಸಾಯನಿಕವು ಕಾರ್ಖಾನೆಯಿಂದ ಮಾತ್ರ ಬರುತ್ತದೆ ಎಂಬುದು ನಮ್ಮ ಅಡುಗೆಮನೆಗಳ ಇತಿಹಾಸಕ್ಕೇ ವಿರುದ್ಧವಾದ ಮಾತು. ಹಪ್ಪಳ ಉಬ್ಬಲೆಂದು ಹಿಟ್ಟಿಗೆ ಸೇರಿಸುವ ಹಪ್ಪಳ ಖಾರ ಒಂದು ಕಾರ್ಬೊನೇಟ್. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಬೂದುಗುಂಬಳದ ಪೇಠಾ ಗರಿಗರಿಯಾಗುವುದೂ ಅದರ ತಿಳಿನೀರಿನಲ್ಲಿ ನೆನೆಸಿದ್ದರಿಂದ. ಬಿಸ್ಕತ್ತಿನ ಪಟ್ಟಿಯಲ್ಲಿ 500(ii) ಎಂದು ಗಾಬರಿ ಹುಟ್ಟಿಸುವುದು ಬಜ್ಜಿ, ಬೋಂಡಾಗಳಿಗೆ ಹಾಕುವ ಅದೇ ಅಡುಗೆ ಸೋಡಾ. ಇನ್ನು ಎಲೆಯ ಜೊತೆ ಸೇರುವ ಅಡಿಕೆಯ ಮಾತು ತೆಗೆದರೆ ಮಲೆನಾಡಿನ ನನ್ನ ಬಂಧುಗಳು ಮುನಿಸಿಕೊಳ್ಳುತ್ತಾರೆ, ಆದರೂ ಹೇಳಬೇಕು: ಮರದಿಂದ ಇಳಿಸಿ ಸುಲಿದ, ಏನೂ ಬೆರೆಸದ ಅಡಿಕೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಖಚಿತವಾದ ವಸ್ತುಗಳ ಮೊದಲ ಗುಂಪಿನಲ್ಲಿ 2004ರಲ್ಲೇ ಇರಿಸಿದೆ. ಅದರ ಹೆಸರು ಮೂರೇ ಅಕ್ಷರದ್ದು.

ಮೂರು ಬಗೆಯ ಉಪ್ಪು

ಹೆಸರಿನ ಭಯ ಅತಿ ಹೆಚ್ಚು ಹಾನಿ ಮಾಡಬಲ್ಲ ಜಾಗ ಉಪ್ಪಿನ ಕಪಾಟು. ಅಲ್ಲಿ ಸಾಮಾನ್ಯ ಅಯೋಡಿನ್ ಪುಡಿ ಉಪ್ಪು, ಅದರ ಮೂರು ನಾಲ್ಕು ಪಟ್ಟು ಬೆಲೆಯ ಗುಲಾಬಿ ಬಣ್ಣದ ಸೈಂಧವ ಲವಣ ಮತ್ತು ‘ಲೋ ಸೋಡಿಯಂ’ ಎಂದು ಬರೆದ ಉಪ್ಪು ಎಂಬ ಮೂರು ಬಗೆ ಇರುತ್ತವೆ.

ಅಯೋಡಿನ್ ಉಪ್ಪಿನ ಪಟ್ಟಿಯಲ್ಲಿ ಪೊಟ್ಯಾಸಿಯಂ ಅಯೋಡೇಟ್ ಜೊತೆಗೆ ಐಎನ್‌ಎಸ್ 536 ಎಂಬುದು ಕಾಣುತ್ತದೆ. ಅದರ ಪೂರ್ಣ ಹೆಸರು ಪೊಟ್ಯಾಸಿಯಂ ಫೆರೊಸಯನೈಡ್. ‘ಉಪ್ಪಿನಲ್ಲಿ ಸಯನೈಡ್’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತಲು ಈ ನಾಲ್ಕಕ್ಷರಗಳೇ ಕಾರಣ. ಮಳೆಗಾಲದಲ್ಲಿ ಉಪ್ಪು ನೀರೊಡೆದು ಗಂಟುಕಟ್ಟದಂತೆ ಇದನ್ನು ಸೇರಿಸುತ್ತಾರೆ. ಇದರಲ್ಲಿ ಸಯನೈಡ್ ಘಟಕಗಳು ಒಂದು ಕಬ್ಬಿಣದ ಪರಮಾಣುವಿಗೆ ಎಷ್ಟು ಬಿಗಿಯಾಗಿ ಅಂಟಿರುತ್ತವೆಂದರೆ ಹೊಟ್ಟೆಯ ಆಮ್ಲವಾಗಲಿ ಒಗ್ಗರಣೆಯ ಕಾವಾಗಲಿ ಅವನ್ನು ಬಿಡಿಸಲಾರವು. ಒಂದು ಕೆಜಿ ಉಪ್ಪಿನಲ್ಲಿ 10 ಮಿಲಿಗ್ರಾಂ ಇದೆಯೆಂದು ಹಿಡಿದರೆ, ದಿನಕ್ಕೆ 10 ಗ್ರಾಂ ಉಪ್ಪು ತಿನ್ನುವವರ ಹೊಟ್ಟೆಗೆ ಹೋಗುವುದು 0.1 ಮಿಲಿಗ್ರಾಂ, 60 ಕೆಜಿ ತೂಕದವರಿಗೆ ತಜ್ಞರ ಸಮಿತಿ ಇಟ್ಟಿರುವ ದಿನದ ಮಿತಿ ಒಂದೂವರೆ ಮಿಲಿಗ್ರಾಂ. ದಿನಕ್ಕೆ 150 ಗ್ರಾಂ ಉಪ್ಪು ತಿಂದು ಆ ಮಿತಿಯನ್ನು ಮುಟ್ಟುವ ಮೊದಲು ಉಪ್ಪೇ ಆ ಮನುಷ್ಯನನ್ನು ಆಸ್ಪತ್ರೆಗೆ ಸೇರಿಸಿರುತ್ತದೆ.

ಅಯೋಡೇಟಿನ ಕಥೆ ಇನ್ನೂ ಗಂಭೀರ. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಆರಂಭಿಸಿದ ಅಧ್ಯಯನದಲ್ಲಿ, ಉಪ್ಪಿಗೆ ಅಯೋಡಿನ್ ಸೇರಿಸಿ ಕೊಟ್ಟ ಪ್ರದೇಶಗಳಲ್ಲಿ ಗಳಗಂಡ ಇಳಿಯಿತು. ಅದರ ಆಧಾರದ ಮೇಲೆ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಕೊಳ್ಳುವವರ ಕೈಸೇರುವಾಗ ಉಪ್ಪಿನ ಒಂದು ಗ್ರಾಂನಲ್ಲಿ ಕನಿಷ್ಠ 15 ಮೈಕ್ರೊಗ್ರಾಂ ಅಯೋಡಿನ್ ಇರಬೇಕೆಂಬುದು ಇಂದಿನ ನಿಯಮ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೊಗ್ರಾಂ, ಗರ್ಭಿಣಿಯರಿಗೆ ಇನ್ನೂ ಹೆಚ್ಚು, ಏಕೆಂದರೆ ಹುಟ್ಟಲಿರುವ ಮಗುವಿನ ಮೆದುಳು ಅದನ್ನು ಕೇಳುತ್ತದೆ. ಸೈಂಧವ ಲವಣ ಗಣಿಯಿಂದ ಅಗೆದ ಹಳೆಯ ಸಮುದ್ರದ ಉಪ್ಪು. ಅದರ ಗುಲಾಬಿ ಬಣ್ಣ ಬಹುಮಟ್ಟಿಗೆ ಕಬ್ಬಿಣದ ಅಂಶದಿಂದ ಬಂದದ್ದು. ಅದರಲ್ಲಿರುವ ‘84 ಖನಿಜ’ಗಳ ಜಾಹೀರಾತನ್ನು ನಂಬಿದರೂ ಚಿಟಿಕೆ ಉಪ್ಪಿನಲ್ಲಿ ಅವುಗಳ ಪ್ರಮಾಣ ಲೆಕ್ಕಕ್ಕೆ ಸಿಗದಷ್ಟು, ಮತ್ತು ಅದೂ ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ. ಗೋಕರ್ಣದ ಬಳಿ ಸಾಣಿಕಟ್ಟಾದ ಆಗರದ ಹರಳುಪ್ಪಿನ ರುಚಿ ನನಗೂ ಪ್ರಿಯ, ಮಿಡಿ ಹಾಕಲು ಅದೇ ಬೇಕು. ಆದರೆ ಸಮುದ್ರದಿಂದ ಬಂದ ಮಾತ್ರಕ್ಕೆ ಹರಳುಪ್ಪಿನಲ್ಲಿ ಅಯೋಡಿನ್ ಸಾಕಷ್ಟಿರುತ್ತದೆ ಎಂಬುದು ತಪ್ಪು ತಿಳಿವಳಿಕೆ. ದಿನನಿತ್ಯದ ಅಡುಗೆಗೆ, ಅದರಲ್ಲೂ ಗರ್ಭಿಣಿಯರು ಮತ್ತು ಮಕ್ಕಳಿರುವ ಮನೆಗೆ, ಅಯೋಡಿನ್ ಸೇರಿಸಿದೆ ಎಂದು ಬರೆದ ಉಪ್ಪನ್ನೇ ತರಬೇಕು.

ಮೂರನೆಯದು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು. ಹೆಸರು ಪ್ರಯೋಗಶಾಲೆಯದ್ದು, ಪ್ರಯೋಜನ ಮನೆಯದ್ದು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಬಳಸಿದ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು. ಅತ್ತೆಯವರ ವೈದ್ಯರನ್ನು ಕೇಳಿಯೇ ನಾವು ಇದಕ್ಕೆ ಬದಲಾದೆವು, ಮತ್ತು ಕೇಳಲೇಬೇಕು: ಮೂತ್ರಪಿಂಡದ ತೊಂದರೆ ಇರುವವರಿಗೆ, ರಕ್ತದೊತ್ತಡದ ಕೆಲವು ಮಾತ್ರೆ ನುಂಗುವವರಿಗೆ ದೇಹದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತಕ್ಕೇ ಅಪಾಯವಾಗಬಹುದು. ಒಂದೇ ವಸ್ತು ಒಬ್ಬರಿಗೆ ಔಷಧ, ಪಕ್ಕದ ಕೋಣೆಯವರಿಗೆ ಅಪಾಯ. ಇಂಥ ವ್ಯತ್ಯಾಸವನ್ನು ‘ಕೆಮಿಕಲ್ ಇದೆ, ಇಲ್ಲ’ ಎಂಬ ಅಳತೆಗೋಲು ಎಂದಿಗೂ ಹಿಡಿಯಲಾರದು.

ಬ್ರೆಡ್ಡು: ಪಟ್ಟಿಯ ತಲೆ ಮತ್ತು ಬಾಲ

ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ಕಾನೂನು. ಮೊದಲ ಮೂರು ಹೆಸರುಗಳೇ ಬಹುಪಾಲು ಆಹಾರ. ಬಾಲದಲ್ಲಿರುವ ಉದ್ದ ಹೆಸರುಗಳೆಲ್ಲ ಸೇರಿದರೂ ಸಾಮಾನ್ಯವಾಗಿ ಅಲ್ಪಾಂಶ. ನಾವು ಓದುವುದು ಬಾಲದಿಂದ.

ಬಿಳಿ ಬ್ರೆಡ್, ಬ್ರೌನ್ ಬ್ರೆಡ್, ಇಡೀ ಗೋಧಿಯ ಬ್ರೆಡ್ ಈ ಮೂರನ್ನು ಹೋಲಿಸುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಎಲ್ಲದರಲ್ಲೂ ಸಾಮಾನ್ಯವಾಗಿ ಕ್ಯಾಲ್ಸಿಯಂ ಪ್ರೊಪಿಯೊನೇಟ್ (282) ಇರುತ್ತದೆ. ಬೂಸ್ಟು ತಡೆಯುವ ಈ ಪದಾರ್ಥದ ಆಮ್ಲ ಸ್ವಿಸ್ ಬಗೆಯ ಚೀಸಿನಲ್ಲಿ ತಾನಾಗಿಯೇ ಹುಟ್ಟುತ್ತದೆ. ಅದನ್ನು ಬಿಟ್ಟು ಪಟ್ಟಿಯ ತಲೆಯನ್ನು ನೋಡಬೇಕು. ಬ್ರೌನ್ ಬ್ರೆಡ್ಡಿನ ಮೊದಲ ಹೆಸರು ಮೈದಾ ಆಗಿದ್ದು, ಬಾಲದಲ್ಲಿ ಕ್ಯಾರಮೆಲ್ ಬಣ್ಣ (150) ಇದ್ದರೆ ಅದು ಕಂದು ಅಂಗಿ ತೊಟ್ಟ ಬಿಳಿ ಬ್ರೆಡ್. ಮೊದಲ ಹೆಸರು ಇಡೀ ಗೋಧಿ ಹಿಟ್ಟು, ಅದೂ ಎಷ್ಟು ಶೇಕಡ ಎಂದು ಬರೆದಿದ್ದರೆ, ಬಾಲದಲ್ಲಿ ನಾಲ್ಕು ಅಂಕಿ ಹೆಚ್ಚಿದ್ದರೂ ನಾನು ಅದನ್ನೇ ಆರಿಸುತ್ತೇನೆ.

ಇಲ್ಲಿ ಇನ್ನೊಂದು ನೆನಪು ಅಗತ್ಯ. ಹಿಟ್ಟನ್ನು ಉಬ್ಬಿಸಿ ಹದಗೊಳಿಸಲು ಬೇಕರಿಗಳು ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೊಮೇಟ್ ಕ್ಯಾನ್ಸರ್‌ಕಾರಕ ಆಗಿರಬಹುದೆಂದು 1999ರಲ್ಲೇ ವರ್ಗೀಕೃತವಾಗಿತ್ತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2016ರ ಮೇ ತಿಂಗಳಲ್ಲಿ ಬ್ರೆಡ್ಡುಗಳ ಪರೀಕ್ಷೆಯ ವರದಿ ಹೊರತಂದ ಮೇಲೆ, ಮುಂದಿನ ತಿಂಗಳೇ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ಅನುಮತಿಯ ಪಟ್ಟಿಯಿಂದ ತೆಗೆದುಹಾಕಿತು. ಅಂದರೆ ಉದ್ದ ಹೆಸರುಗಳೆಲ್ಲ ನಿರಪರಾಧಿಗಳು ಎಂದು ಸಾರುವುದು ನನ್ನ ಕೆಲಸವಲ್ಲ. ಬ್ರೊಮೇಟ್ ಹೋಗಿ ಅದರ ಜಾಗಕ್ಕೆ ಬಂದ ಪದಾರ್ಥಗಳಲ್ಲೊಂದು ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ. ಹೆಸರು ಮಾತ್ರ ನೋಡುವವರಿಗೆ ಎರಡೂ ಒಂದೇ ತರಹ ಕಾಣುತ್ತವೆ.

ಬೆಲ್ಲ: ಚೀಟಿಯಿಲ್ಲದ ಪದಾರ್ಥ

ಬೆಲ್ಲದ ವಿಷಯದಲ್ಲಿ ಭಯ ತಿರುಗುಮುರುಗಾಗಿದೆ. ಸಕ್ಕರೆಯನ್ನು ಕೆಮಿಕಲ್ ಎಂದು ದೂರವಿಡುವ ಮನೆಗಳೂ ಬೆಲ್ಲ ಕೊಳ್ಳುವಾಗ ಚಿನ್ನದ ಬಣ್ಣದ ಅಚ್ಚನ್ನೇ ಕೇಳುತ್ತವೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಪಾಕವಾಗುವಾಗ ಸಹಜವಾಗಿ ಕಂದು ತಿರುಗುತ್ತದೆ. ಮಂಡ್ಯದ ಕಡೆಯ ಆಲೆಮನೆಗಳಲ್ಲಿ ಹಿಂದೆ ಸುಣ್ಣ ಮತ್ತು ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುತ್ತಿದ್ದರು. ಮಾರುಕಟ್ಟೆ ಹಳದಿ ಬೆಲ್ಲಕ್ಕೆ ಹೆಚ್ಚು ಬೆಲೆ ಕೊಡತೊಡಗಿದಂತೆ ಹೈಡ್ರೋಸ್ ಎಂದು ಕರೆಯುವ ಸೋಡಿಯಂ ಹೈಡ್ರೊಸಲ್ಫೈಟ್ ಬಂತು. ಅದು ಬಿಟ್ಟುಹೋಗುವ ಗಂಧಕದ ಅಂಶ ಹೆಚ್ಚಿದ್ದರೆ ಅಸ್ತಮಾ ಇರುವವರಿಗೆ ಉಬ್ಬಸ ಕೆರಳಬಹುದು. ಬಿಡಿಯಾಗಿ ತೂಗಿ ಕೊಡುವ ಬೆಲ್ಲದ ಮೇಲೆ ಚೀಟಿಯಿಲ್ಲ, ಆದ್ದರಿಂದ ಹೆದರಿಸುವ ಹೆಸರೂ ಇಲ್ಲ. ಇಲ್ಲಿ ನೆಚ್ಚಬೇಕಾದದ್ದು ಕಣ್ಣನ್ನು: ಬೆಲ್ಲ ಕಪ್ಪುಗಂದು ಬಣ್ಣದ್ದಾಗಿದ್ದರೆ ಅದನ್ನು ದೋಷವೆಂದು ಎಣಿಸಬಾರದು. ಆದರೆ ಮಧುಮೇಹಿಗಳಿಗೆ ಒಂದು ಎಚ್ಚರಿಕೆ ಇದೆ. ಅತಿ ಶುದ್ಧ ಬೆಲ್ಲವೂ ಬಹುಪಾಲು ಸಕ್ಕರೆಯೇ. ಅದರಲ್ಲಿರುವ ಕಬ್ಬಿಣದ ನೆಪದಲ್ಲಿ ಕಾಫಿಗೆ ಎರಡು ಚಮಚ ಹೆಚ್ಚು ಹಾಕಿಕೊಳ್ಳಲು ಅನುಮತಿ ಸಿಗುವುದಿಲ್ಲ.

ಅಜಿನೊಮೋಟೊ ಮತ್ತು ಅದಿಲ್ಲದ ನೂಡಲ್ಸ್

ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ 1908ರಲ್ಲಿ ಕೊಂಬು ಎಂಬ ಕಡಲಕಳೆಯ ಸಾರಿನ ರುಚಿಗೆ ಗ್ಲುಟಮೇಟ್ ಕಾರಣವೆಂದು ಕಂಡುಹಿಡಿದು ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ನಾವು ಸಾರಿಗೆ ಹಣ್ಣಾದ ಟೊಮೆಟೊ ಹಿಸುಕುವಾಗಲೂ ಅದೇ ಗ್ಲುಟಮೇಟ್ ಬೀಳುತ್ತದೆ. ದೇಹ ಎರಡನ್ನೂ ಬೇರೆ ಬೇರೆ ಎಂದು ಗುರುತಿಸುವುದಿಲ್ಲ. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ಚೀನೀ ಹೋಟೆಲಿನಲ್ಲಿ ಉಂಡರೆ ಕುತ್ತಿಗೆ ಜೋಮು ಹಿಡಿದಂತಾಗುತ್ತದೆ ಎಂದು ವೈದ್ಯರೊಬ್ಬರ ಪತ್ರ ಪ್ರಕಟವಾಯಿತು. ಅದರಲ್ಲಿ ಎಂಎಸ್‌ಜಿ (ಮಾನೊಸೋಡಿಯಂ ಗ್ಲುಟಮೇಟ್, ಅಂದರೆ ಅಜಿನೊಮೋಟೊ) ಹಲವು ಊಹೆಗಳಲ್ಲೊಂದು ಮಾತ್ರವಾಗಿದ್ದರೂ ಅಪವಾದ ಅದರ ತಲೆಗೇ ಕಟ್ಟಿತು. ತಿನ್ನುವವರಿಗೂ ಕೊಡುವವರಿಗೂ ಯಾವುದು ಎಂಎಸ್‌ಜಿ ಎಂದು ತಿಳಿಯದಂತೆ ಆಮೇಲೆ ನಡೆಸಿದ ಪರೀಕ್ಷೆಗಳಲ್ಲಿ, ಅದು ತಮಗೆ ಆಗುವುದಿಲ್ಲ ಎಂದವರಲ್ಲೂ ಲಕ್ಷಣಗಳು ಸ್ಥಿರವಾಗಿ ಮರುಕಳಿಸಲಿಲ್ಲ.

ಆದ್ದರಿಂದ ‘ಎಂಎಸ್‌ಜಿ ಸೇರಿಸಿಲ್ಲ’ ಎಂಬ ನೂಡಲ್ಸನ್ನೂ ಸೇರಿಸಿರುವ ನೂಡಲ್ಸನ್ನೂ ಹೋಲಿಸುವವರು ಎಂಎಸ್‌ಜಿಯ ಸಂಖ್ಯೆಯಾದ 621ನ್ನು ಹುಡುಕುವ ಬದಲು ಒಂದು ಪೊಟ್ಟಣದ ಒಟ್ಟು ಸೋಡಿಯಂ ನೋಡಲಿ. ಎಂಎಸ್‌ಜಿಯಲ್ಲಿ ಸೋಡಿಯಂ ಸುಮಾರು ಶೇ. 12, ಉಪ್ಪಿನಲ್ಲಿ ಶೇ. 39. ಎಂಎಸ್‌ಜಿ ಇಲ್ಲ ಎಂದು ಬರೆದ ಪಟ್ಟಿಯಲ್ಲಿ ಯೀಸ್ಟ್ ಸಾರವೋ ಜಲವಿಭಜಿತ ತರಕಾರಿ ಪ್ರೋಟೀನೋ ಇದ್ದರೆ ಗ್ಲುಟಮೇಟ್ ಹಿಂದಿನ ಬಾಗಿಲಿನಿಂದ ಬಂದಿದೆ ಎಂದರ್ಥ. ಅದೂ ಅಪಾಯವಲ್ಲ, ಆದರೆ ಅದಕ್ಕಾಗಿ ಹತ್ತು ರೂಪಾಯಿ ಹೆಚ್ಚು ಕೊಡಬೇಕಾಗಿಲ್ಲ. ನನ್ನನ್ನು ಕೇಳಿದರೆ ಮಸಾಲೆ ಪೊಟ್ಟಣದ ಅರ್ಧವನ್ನು ಹಾಕದೆ ಬಿಡುವುದೇ ಈ ಎರಡು ಬ್ರ್ಯಾಂಡುಗಳ ನಡುವಣ ಯಾವ ವ್ಯತ್ಯಾಸಕ್ಕಿಂತಲೂ ದೊಡ್ಡ ಲಾಭ.

ಸಕ್ಕರೆಯ ಪಾನೀಯ, ಸಕ್ಕರೆಯಿಲ್ಲದ ಪಾನೀಯ, ಹಣ್ಣಿನ ರಸ

ಆಸ್ಪರ್ಟೇಮ್ (951) ಹೆಸರು 2023ರ ಜುಲೈನಲ್ಲಿ ಎಲ್ಲ ಪತ್ರಿಕೆಗಳಲ್ಲಿ ಬಂತು. ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ‘ಇರಬಹುದು’ ಎಂಬ ದುರ್ಬಲ ಗುಂಪಿಗೆ ಸೇರಿಸಿದ ದಿನವೇ, ಪ್ರಮಾಣವನ್ನು ನೋಡುವ ತಜ್ಞರ ಸಮಿತಿ ದೇಹತೂಕದ ಕೆಜಿಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. ಕ್ಯಾನೊಂದರಲ್ಲಿ 200ರಿಂದ 300 ಮಿಲಿಗ್ರಾಂ ಇದ್ದರೆ 60 ಕೆಜಿಯವರು ಮಿತಿ ದಾಟಲು ದಿನಕ್ಕೆ ಎಂಟು ಕ್ಯಾನಿಗಿಂತ ಹೆಚ್ಚು ಕುಡಿಯಬೇಕು. ಮೊದಲ ಸುದ್ದಿ ತಲೆಬರಹವಾಯಿತು, ಎರಡನೆಯದು ಒಳಪುಟ ಸೇರಿತು. ಅದೇ ಅಳತೆಯ ಸಾಧಾರಣ ಕೋಲಾದ ಒಂದು ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆಯಿದೆ, ಅಂದರೆ ಏಳು ಚಮಚ. ಮಧುಮೇಹಿಯ ಮುಂದೆ ಇವೆರಡೇ ಇದ್ದರೆ ಸಕ್ಕರೆಯಿಲ್ಲದ್ದು ಮೇಲು. ಆದರೆ ತೂಕ ಇಳಿಸುವ ಉಪಾಯವಾಗಿ ಇಂಥ ಸಿಹಿಕಾರಕಗಳನ್ನು ಅವಲಂಬಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಹೇಳಿದೆ, ಮತ್ತು ಫೀನೈಲ್‌ಕೀಟೊನ್ಯೂರಿಯ ಎಂಬ ಹುಟ್ಟುಕಾಯಿಲೆ ಇರುವವರಿಗೆ ಆಸ್ಪರ್ಟೇಮ್ ಸಲ್ಲದು. ಡಬ್ಬಿಯ ಹಣ್ಣಿನ ರಸದ 200 ಮಿಲಿಲೀಟರಿನಲ್ಲೂ ಸಾಮಾನ್ಯವಾಗಿ 20 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ನೀರು ಬೆರೆಸಿ ಮರುತಯಾರಿಸಿದ ರಸಕ್ಕೆ ‘ಶೇ. 100 ಹಣ್ಣಿನ ರಸ’ ಎಂದು ಬರೆಯಕೂಡದೆಂದು 2024ರ ಜೂನ್‌ನಲ್ಲಿ ಪ್ರಾಧಿಕಾರ ಆದೇಶಿಸಿತು. ಮೂರರ ಬದಲು ಮಜ್ಜಿಗೆ ಕುಡಿಯಿರಿ ಎನ್ನುವುದು ಹೋಲಿಕೆಯ ನಿಯಮಕ್ಕೆ ಹೊರಗಿನ ಮಾತು, ಆದರೂ ಹೇಳಿಬಿಟ್ಟೆ.

ಹಿತವಾದ ಹೆಸರಿನ ಅಪಾಯ

ವನಸ್ಪತಿ ಎಂದರೆ ಸಂಸ್ಕೃತದಲ್ಲಿ ಗಿಡಮರ. ಪದಾರ್ಥಗಳ ಪಟ್ಟಿಯಲ್ಲಿ ಇಷ್ಟು ತಂಪಾಗಿ ಕೇಳಿಸುವ ಇನ್ನೊಂದು ಹೆಸರಿಲ್ಲ. ಎಣ್ಣೆಗೆ ಹೈಡ್ರೊಜನ್ ಹಾಯಿಸಿ ತುಪ್ಪದಂತೆ ಗಟ್ಟಿ ಮಾಡಿದ ಈ ಕೊಬ್ಬಿನಲ್ಲಿ ಹುಟ್ಟುತ್ತಿದ್ದ ಟ್ರಾನ್ಸ್ ಕೊಬ್ಬು ಹೃದಯದ ರಕ್ತನಾಳಗಳಿಗೆ ನೇರ ಶತ್ರು. ದಶಕಗಳ ಕಾಲ ಬೇಕರಿಯ ಪಫ್, ಮೈಸೂರು ಪಾಕು, ಪರೋಟಾಗಳಲ್ಲಿ ಯಾರೂ ಬೆಚ್ಚದೆ ತಿಂದದ್ದು ಇದನ್ನೇ. 2022ರ ಜನವರಿಯಿಂದ ಕೊಬ್ಬು ಮತ್ತು ಎಣ್ಣೆಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದೆಂಬ ನಿಯಮ ಬಂದಿದೆ. ಎರಡು ಪಫ್‌ಗಳ ನಡುವೆ ಆರಿಸುವಾಗ ‘ಹೈಡ್ರೊಜನೀಕರಿಸಿದ’ ಎಂಬ ಪದವೂ, ‘ವನಸ್ಪತಿ’ ಎಂಬ ಪದವೂ ಒಂದೇ ಎಚ್ಚರಿಕೆಯನ್ನು ಕೊಡುತ್ತವೆ ಎಂದು ತಿಳಿದಿರಲಿ.

ಹೆದರಿಕೆಗೆ ತಕ್ಕ ಜಾಗ

ಬಣ್ಣಗಳ ವಿಷಯದಲ್ಲಿ ನಾನು ಅಷ್ಟು ಉದಾರಿಯಲ್ಲ. ಟಾರ್ಟ್ರಜೀನ್ (102), ಸನ್‌ಸೆಟ್ ಯೆಲ್ಲೊ (110) ಮುಂತಾದ ಆರು ಬಣ್ಣಗಳ ಕುರಿತು 2007ರ ಬ್ರಿಟಿಷ್ ಅಧ್ಯಯನವೊಂದು ಕೆಲವು ಮಕ್ಕಳ ಚಂಚಲತೆ ಹೆಚ್ಚಬಹುದೆಂದು ತೋರಿಸಿದ ಮೇಲೆ ಯುರೋಪಿನಲ್ಲಿ 2010ರಿಂದ ಅವುಗಳ ಪೊಟ್ಟಣದ ಮೇಲೆ ಎಚ್ಚರಿಕೆ ಬರೆಯಬೇಕಾಗಿದೆ. ಟೈಟಾನಿಯಂ ಡೈಆಕ್ಸೈಡನ್ನು (171) ಅದೇ ಯುರೋಪ್ 2022ರಲ್ಲಿ ಆಹಾರದಿಂದ ಹೊರಗಿಟ್ಟಿತು. ಇವು ಆಹಾರವನ್ನು ಕೆಡದಂತೆ ಕಾಯುವುದಿಲ್ಲ, ಪೋಷಿಸುವುದೂ ಇಲ್ಲ, ಕಣ್ಣಿಗಷ್ಟೇ ಹಬ್ಬ. ಪ್ರಯೋಜನವಿಲ್ಲದ ಕಡೆ, ‘ಬೇಡ’ ಎನ್ನಲು ಅಲ್ಪ ಅನುಮಾನವೂ ಸಾಕು. ಆದ್ದರಿಂದ ಮಕ್ಕಳ ತಿಂಡಿಯಲ್ಲಿ, ಉಳಿದೆಲ್ಲ ಸಮನಾಗಿದ್ದರೆ, ಬಣ್ಣವಿಲ್ಲದ್ದನ್ನೇ ಆರಿಸಿ.

ಆದರೆ ಪೊಟ್ಟಣದ ಮೇಲೆ ಮುದ್ರಿತವಾದ ಬಣ್ಣಕ್ಕಿಂತ ಮುದ್ರಿತವಾಗದ ಬಣ್ಣ ಹೆಚ್ಚು ಅಪಾಯಕಾರಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬೊಂಬಾಯಿ ಮಿಠಾಯಿಗೆ ರೋಡಮೈನ್-ಬಿ ಬಳಸುವುದನ್ನೂ ನಿಷೇಧಿಸಿ, ಜೂನ್‌ನಲ್ಲಿ ಅದನ್ನು ಕಬಾಬ್‌ಗಳಿಗೂ ವಿಸ್ತರಿಸಿತು. ರೋಡಮೈನ್-ಬಿ ಆಹಾರದ ಬಣ್ಣವೇ ಅಲ್ಲ, ಬಟ್ಟೆಗೆ ಹಾಕುವ ಬಣ್ಣ. ಗಾಡಿಯ ಮುಂದೆ ನಿಂತು ಕೆಂಪಗಿನ ಗೋಬಿಯನ್ನು ಕಡ್ಡಿಯಿಂದ ಚುಚ್ಚಿ ತಿನ್ನುವಾಗ ಓದಲು ಯಾವ ಪಟ್ಟಿಯೂ ಇರುವುದಿಲ್ಲ. ಅರಿಸಿನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹೊಳಪು ಬರಲೆಂದು ಬೆರೆಸುವ ಸೀಸದ ಕ್ರೋಮೇಟ್ ಮಕ್ಕಳ ಮೆದುಳಿಗೆ ಹಾನಿ ಮಾಡುವ ಸೀಸವನ್ನು ನೇರವಾಗಿ ಅಡುಗೆಗೆ ತರುತ್ತದೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಸಿನದ ಮಾದರಿಗಳಲ್ಲಿ ಶೇ. 47ರಷ್ಟರಲ್ಲಿ ಸೀಸ ಪತ್ತೆಯಾಗಿ, ಸರ್ಕಾರ ಕಟ್ಟುನಿಟ್ಟಾಗಿ ದಂಡ ವಿಧಿಸಿದ ಬಳಿಕ 2021ರ ಹೊತ್ತಿಗೆ ಅದು ಸೊನ್ನೆಗಿಳಿಯಿತು.

ಆ ದಿನ ಅಂಗಡಿಯಲ್ಲಿ ಉಪ್ಪಿನಕಾಯಿಯ ಲೆಕ್ಕ ಮುಗಿದು, ಅತ್ತೆಯವರು ಗೊಣಗುತ್ತಲೇ ಬೆಂಜೊಯೇಟಿನ ಬಾಟಲಿಯನ್ನು ಬುಟ್ಟಿಗೆ ಹಾಕಿದ್ದರು. ಬಿಲ್ಲಿನ ಹತ್ತಿರ ಬಂದಾಗ ಅವರ ಕೈಯಲ್ಲಿ ಕಾಲು ಕೆಜಿ ಬಿಡಿ ಅರಿಸಿನವಿತ್ತು, ಹೆಸರಿಲ್ಲದ ತೆಳು ಪ್ಲಾಸ್ಟಿಕ್ ಚೀಲದಲ್ಲಿ, ಸಾಬೂನಿನ ಜಾಹೀರಾತಿನಂತೆ ಹೊಳೆಯುವ ಹಳದಿ. “ಬಣ್ಣ ನೋಡು, ಎಷ್ಟು ಚೆನ್ನಾಗಿದೆ” ಎಂದರು. ಅದನ್ನು ಬಿಟ್ಟು, ತಯಾರಕರ ವಿಳಾಸವೂ 14 ಅಂಕಿಯ ಪರವಾನಗಿ ಸಂಖ್ಯೆಯೂ ಇದ್ದ, ಸ್ವಲ್ಪ ಮಂಕಾಗಿ ಕಾಣುವ ಪೊಟ್ಟಣವನ್ನು ತಂದೆವು. ಸಾರಿನ ಬಣ್ಣ ಮೊದಲಿಗಿಂತ ತಿಳಿಯಾಗಿದೆ ಎಂದು ಮನೆಯಲ್ಲಿ ಈಗಲೂ ದೂರಿದೆ.